ಇಂಗರಳ ಪಾವಿನಂಗಡಿಯಿಂದ ನಮ್ಮ ಓಣಿಗೆ

ಡೆನ್ಮಾರ್ಕಿಗೆ ಹೋಗಿ ಬಂದವನೆಂದು ತಿಳಿದ ಕೂಡಲೆ ಧಾರವಾಡದಲ್ಲಿ ಯಾರೇ ಆಗಲಿ ಮೊದಲು ಕೇಳುವುದು ಅಲ್ಲಿಯ ಆಕಳ ಸುದ್ದಿ. ಎಷ್ಟು ಹಿಂಡುತ್ತವೆ, ಏನು ಮೇಯುತ್ತವೆ, ಚಳಿಗೆ ಅವಕ್ಕೆ ಕೋಟು ಹಾಕುತ್ತಾರಂತೆ ಖರೇನೇ? ಹಾಲು ಬೇಕಾದಷ್ಟು ಹಿಂಡುತ್ತವೆ. ಕೋಟಲ್ಲ, ಬೆನ್ನಿಗೆ ಒಂದು ಗೋಣೀತಟ್ಟು ಕಟ್ಟುತ್ತಾರೆ. ಇಷ್ಟಕ್ಕೆ ಆಕಳ ಸುದ್ದಿ ಮುಗಿಯಿತು. ನಾನು ಬರೆಯಹೊರಟಿರುವುದು ಆ ದೇಶದ ಒಂದು ಹಳ್ಳಿಯ ಪಾವಿನಂಗಡಿಯ, ಅಂದರೆ ಬ್ರೆಡ್ಡಿನ ಅಂಗಡಿಯ, ಸಂಗತಿ, ಮತ್ತು ನಾನು ತಿರುಗಿ ಬಂದ ಮೇಲೆ ನಮ್ಮ ಓಣಿಯಲ್ಲಿ ಏನಾಯಿತೆಂಬುದು.

ಹುಬ್ಬಳ್ಳಿ ಸ್ಟೇಶನ್

ನಾನು ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರ. ರವಿವಾರಕ್ಕೊಮ್ಮೆ ಹತ್ತಿರದ ಹಳ್ಳಿ ಗರಗಕ್ಕೆ ಹೋಗಿ ಅಲ್ಲಿಯ ನೇಕಾರರಿಗೂ ನೂಲುವ ಹೆಣ್ಣುಮಕ್ಕಳಿಗೂ ಅಕ್ಷರ ಕಲಿಸುತ್ತಿದ್ದೆ. ಉಪ್ಪಿನ ಸತ್ಯಾಗ್ರಹದ ಗದ್ದಲ ಅಡಗಿ ಕೆಲವು ವರ್ಷಗಳಾಗಿದ್ದವು. ನಮ್ಮಂಥ ಸಾದಾ ಮಂದಿ ದೇಶಕ್ಕಾಗಿ ಏನು ಮಾಡಬಹುದೆಂದು ನಾವು ಗೆಳೆಯರು ವಾಚನಾಲಯದ ಕಟ್ಟೆಯ ಮೇಲೆ ಕೂತು ಚರ್ಚೆ ಮಾಡುತ್ತಿದ್ದೆವು. ಚರ್ಚೆಗೆ ಕೊನೆಯಿರಲಿಲ್ಲ, ಚಹಾ ಮಾತ್ರ ಮುಗಿಯುತ್ತಿತ್ತು. ಅಂಥ ದಿನಗಳಲ್ಲಿ, ದೊಡ್ಡ ರೈತರಿಗೂ ಆಳುಮಕ್ಕಳಿಗೂ ಪರೀಕ್ಷೆಯಿಲ್ಲದ ಶಾಲೆ ನಡೆಸುವ ಡೆನ್ಮಾರ್ಕಿಗೆ ಹೋಗಿ, ಕೆಲವು ತಿಂಗಳಿದ್ದು ನೋಡಿಕೊಂಡು ಬರುವ ಅವಕಾಶ ಪರಿಚಿತರೊಬ್ಬರ ದಯದಿಂದ ನನಗೆ ಒದಗಿತು.

ಹೊರಡಲು ಮನಸ್ಸಿರಲಿಲ್ಲ. ನನ್ನ ತಂಗಿ ಶಾಂತಾ ಆಗ ತವರಿಗೆ ಬಂದು ಮಲಗಿದ್ದಳು. ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಡಾಕ್ಟರರು ಎದೆ ನೋಡಿ ಕ್ಷಯವೆಂದರು. ಗಂಡನ ಮನೆಯವರು ‘ಆರಾಮಾದ ಮ್ಯಾಲೆ ಕರಕೊಂಡು ಹೋಗ್ತೇವಿ’ ಎಂದು ಬಿಟ್ಟು ಹೋದವರು ಮತ್ತೆ ಬರಲಿಲ್ಲ. ಹೊಸಯಲ್ಲಾಪುರದ ನಮ್ಮ ಓಣಿಯ ಹೆಂಗಸರು ನಮ್ಮ ಬಾವಿಗೆ ನೀರಿಗೆ ಬರುವುದನ್ನು ನಿಲ್ಲಿಸಿದರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ತಿರುಗಿ ಆಡಬಹುದಿತ್ತು. ಸುಮ್ಮನೆ ಬಾರದಾದರು, ಅಷ್ಟೆ. ಶಾಂತಾ ಹಿತ್ತಲ ಕಡೆಯ ಕೋಣೆಯಲ್ಲಿ, ಗಾಳಿ ತಾಗಬಾರದೆಂದು ಮುಚ್ಚಿದ ಕಿಟಕಿಯ ಕೆಳಗೆ, ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದಳು.

ನಾನು ಹೋಗುವುದಿಲ್ಲವೆಂದಾಗ ಅವ್ವ ಸಿಟ್ಟಾದಳು. “ನೀ ಇಲ್ಲೆ ಕೂತ್ರ ಆಕಿ ಕೆಮ್ಮು ನಿಲ್ತದೇನು? ನಾ ಇದ್ದೇನಿ. ಹೋಗಿ ಬಾ.”

ಕೋಣೆಯೊಳಗಿಂದ ಶಾಂತಾ ಕೂಗಿದಳು. “ಅಣ್ಣಾ, ಈ ಮನ್ಯಾಗಿನವರು ಯಾರರೆ ಒಬ್ರು ಹೊರಗ ಅಡ್ಯಾಡಿ ಬರ್ಲಿ. ಬಂದು ನನಗೂ ಒಂದಿಷ್ಟು ಸುದ್ದಿ ಹೇಳು.”

ಆ ರಾತ್ರಿಯೇ ನಾನು ಟ್ರಂಕು ತೆಗೆದೆ.

ಕೂಡಲು ಜಾಗ ಸಿಗಲೆಂದು ಹುಬ್ಬಳ್ಳಿಗೇ ಹೋಗಿ ಮುಂಬಯಿಯ ಗಾಡಿ ಹತ್ತುವಾಗ ಇಬ್ರಾಹಿಂಸಾಹೇಬರು ಜತೆಯಾದರು. ಎಣ್ಣೆ ಎಂಜಿನ್ ದುರಸ್ತಿ ಮಾಡುವ ಸ್ವಂತ ಕಾರಖಾನೆ ಅವರದು. ಹೊಸ ಮಾದರಿಯ ಎಂಜಿನ್ ಕೆಲಸ ಕಲಿಯಲೆಂದು ಅವರೂ ಅದೇ ದೇಶಕ್ಕೆ ಹೊರಟಿದ್ದರು. ಮೊದಲು ಗುರುತಿರಲಿಲ್ಲ. ಗಾಡಿ ಅಳ್ನಾವರ ದಾಟುವಷ್ಟರಲ್ಲಿ ಅವರ ಹೆಂಡತಿ ಹಸೀನಾಬಿ ಕಟ್ಟಿಕೊಟ್ಟ ಶೇಂಗಾ ಹಿಂಡಿಯ, ಅಂದರೆ ಖಾರದ ಶೇಂಗಾ ಚಟ್ನಿಪುಡಿಯ, ಡಬ್ಬಿ ನನ್ನ ತೊಡೆಯ ಮೇಲಿತ್ತು.

“ಮಾಸ್ತರ, ನೀವು ಸಾಲಿ ನೋಡಾಕ ಹೊಂಟೀರಿ, ನಾ ಎಂಜಿನ್ ನೋಡಾಕ. ಹೊಟ್ಟಿ ಇಬ್ಬರಿಗೂ ಒಂದ ಐತಿ. ಡಬ್ಬಿ ನಿಮ್ಮ ಕಡೆ ಇರ್ಲಿ, ನನ್ನ ಕೈಯಾಗಿದ್ರ ಮುಂಬಯಿಗೇ ಮುಗೀತೈತಿ” ಎಂದರು.

ಹಡಗಿನ ಮೇಲೆ

ಹಡಗಿನ ಅಡಿಗೆಯವರಿಗೆ ನಾವಿಬ್ಬರೂ ದೊಡ್ಡ ತೊಡಕಾದೆವು. ಇಬ್ರಾಹಿಂಸಾಹೇಬರಿಗೆ ಹಂದಿ ಆಗದು, ಹಲಾಲಲ್ಲದ ಮಾಂಸ ಆಗದು. ನನಗೆ ಯಾವ ಪ್ರಾಣಿಯೂ ಆಗದು. ಬಡಿಸುವವನು ಎರಡು ದಿನ ತಲೆ ಕೆರೆದುಕೊಂಡು, ಮೂರನೆಯ ದಿನದಿಂದ ಇಬ್ಬರ ಮುಂದೆಯೂ ಬೇಯಿಸಿದ ಬಟಾಟೆ ತಂದಿಡತೊಡಗಿದ. ಮುಂಜಾನೆ ಬಟಾಟೆ, ಮಧ್ಯಾಹ್ನ ಬಟಾಟೆ, ರಾತ್ರಿ ಬಟಾಟೆಯ ಗಂಜಿ. ಅದರ ಮೇಲೆ ಹಿಂಡಿ ಉದುರಿಸಿಕೊಂಡು ಒಂದೇ ಮೇಜಿನಲ್ಲಿ ಕೂತು ಉಂಡೆವು.

“ಮಾಸ್ತರ, ನಮ್ಮೂರಾಗಿದ್ರ ನಾವಿಬ್ರೂ ಹಿಂಗ ಒಂದ ಕಡೆ ಕುಂತು ಉಣತಿದ್ದಿವೇನ್ರಿ?”

“ಇಲ್ಲ.”

“ಹಂಗಾರ ಬಟಾಟಿಗೆ ಒಂದು ಸಲಾಂ ಹೇಳೂಣ.”

ಏಡನ್ ಹತ್ತಿರ ನನ್ನ ಧೋತರ ಹಾರಿಹೋಯಿತು. ತೊಳೆದು ಹಡಗಿನ ಕಟಕಟೆಗೆ ಕಟ್ಟಿದ್ದೆ. ಗಾಳಿ ಬಿಚ್ಚಿಕೊಂಡು ಹೋಗಿ ಸಮುದ್ರದ ಮೇಲೆ ದೊಡ್ಡ ಬೆಳ್ಳಕ್ಕಿಯಂತೆ ಹಾರಾಡಿಸಿತು. ಡೆಕ್ಕಿನ ಮೇಲಿದ್ದ ಮಡ್ಡಮ್ಮಗಳು, ಬಿಳಿಯರ ಹೆಂಗಸರು, ಚಪ್ಪಾಳೆ ತಟ್ಟಿದರು. ಆ ದಿನದಿಂದ ನಾನು ಪಾಟಲೂನಿಗೆ ಬಂದೆ. ಅದು ಇಬ್ರಾಹಿಂಸಾಹೇಬರದೇ. ನನಗಿಂತ ಗೇಣು ಎತ್ತರದ ಮನುಷ್ಯ ಅವರು. ಯುರೋಪಿನ ನೆಲದ ಮೇಲೆ ನಾನು ಇಟ್ಟ ಮೊದಲ ಹೆಜ್ಜೆ ಆ ಪಾಟಲೂನಿನ ತುದಿಯ ಮೇಲೆಯೇ.

ಹೆಸರು ಹೇಳಲಾಗದ ಊರು

ಇಬ್ರಾಹಿಂಸಾಹೇಬರು ಶಹರದಲ್ಲಿ ಇಳಿದುಕೊಂಡರು. ನನ್ನ ಶಾಲೆ ಇದ್ದದ್ದು ರೈಲಿನಲ್ಲಿ ಒಂದೆರಡು ತಾಸು ದೂರದ ಹಳ್ಳಿಯಲ್ಲಿ. ಆ ಊರಿನ ಹೆಸರನ್ನು ಬರೆದು ತೋರಿಸಬಲ್ಲೆ, ಹೇಳಲಾರೆ. ಡೇನರು ಬಾಯಲ್ಲಿ ತಾಂಬೂಲ ಇಟ್ಟುಕೊಂಡವರಂತೆ ಮಾತಾಡುತ್ತಾರೆ. ಅರ್ಧ ಅಕ್ಷರ ಹೊರಗೆ ಬಂದರೆ ಅರ್ಧ ಒಳಗೇ ಉಳಿಯುತ್ತದೆ. ಕೊನೆಯ ದಿನದವರೆಗೂ ಟಿಕೀಟು ಕೊಡುವವನಿಗೆ ನಾನು ಚೀಟಿ ತೋರಿಸಿಯೇ ಊರು ಸೇರಿದೆ.

ನಾನು ಇಳಿದದ್ದು ಶಾಲೆಯ ಶಿಕ್ಷಕ ನೀಲ್ಸ್ ಎಂಬವರ ಮನೆಯಲ್ಲಿ. ಅವರ ಹೆಂಡತಿ ಕಾರೆನ್, ಐವತ್ತು ದಾಟಿದ, ಗಟ್ಟಿ ದನಿಯ, ಕೆಂಪು ಕೆನ್ನೆಯ ಹೆಂಗಸು. ಇಬ್ಬರಿಗೂ ಇಂಗ್ಲಿಷ್ ಬರುತ್ತಿತ್ತು. ನಾನು ಆಕೆಯನ್ನು ಕಾರೆನ್‌ಬಾಯಿ ಎಂದು ಕರೆದೆ. ‘ಬಾಯಿ’ ಎಂದರೇನೆಂದು ತಿಳಿದ ಮೇಲೆ ಆಕೆ ಬೇರೆ ಹೆಸರಿಗೆ ಓಗೊಡಲೇ ಇಲ್ಲ. ಆಕೆಯ ಮಾತನ್ನು ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಧಾರವಾಡದಲ್ಲಿ ಹುಟ್ಟಿದ್ದರೆ ಆಕೆ ಹೀಗೆಯೇ ಮಾತಾಡುತ್ತಿದ್ದಳೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮೊದಲ ಮುಂಜಾನೆಯೇ ಫಜೀತಿಯಾಯಿತು. ಮಂಚದ ಮೇಲೆ ಹಕ್ಕಿಯ ಪುಕ್ಕ ತುಂಬಿದ ದಪ್ಪ ಚೀಲವೊಂದಿತ್ತು. ಗಾದಿಯೆಂದು ತಿಳಿದು ಅದರ ಮೇಲೆ ಮಲಗಿ, ಹೊದೆಯಲು ಏನೂ ಇಲ್ಲದೆ ನಡುಗಿದ್ದೆ. ಬಾಗಿಲು ಬಡಿದು ಒಳಬಂದ ಕಾರೆನ್‌ಬಾಯಿ ನಕ್ಕು ಗೋಡೆ ಹಿಡಿದುಕೊಂಡಳು. “ಅದು ಹೊದ್ದುಕೊಳ್ಳೂದ್ರೀ ಮಾಸ್ತರ!”

ಅಂದೇ ಮಧ್ಯಾಹ್ನ ನೀಲ್ಸರು ನಮ್ಮ ಶೇಂಗಾ ಹಿಂಡಿಯನ್ನು ಮುರಬ್ಬದಂತೆ ರೈ ಎಂಬ ಧಾನ್ಯದ ಕರಿ ರೊಟ್ಟಿಯ ಮೇಲೆ ದಪ್ಪಗೆ ಹಚ್ಚಿಕೊಂಡು ಒಂದು ದೊಡ್ಡ ತುತ್ತು ಕಡಿದರು. ಅವರ ಮುಖದಲ್ಲಿ ಏಳೆಂಟು ಬಣ್ಣ ಬಂದು ಹೋದವು. ಕಣ್ಣೀರು ಒರೆಸಿಕೊಂಡು, “ನಿಮ್ಮ ದೇಶ ಸ್ವತಂತ್ರ ಆಗೂದು ಖಾತ್ರಿ” ಎಂದರು. ಲೆಕ್ಕಕ್ಕೆ ಲೆಕ್ಕ ಸರಿಹೋಯಿತು.

ಅಲ್ಲಿಯವರ ಕೆಲವು ರೂಢಿಗಳು ನನಗೆ ಕೊನೆಯವರೆಗೂ ಅಚ್ಚರಿ. ಯಾವ ಕೆಲಸಕ್ಕೆ ಕೂಡಿದರೂ ಮೊದಲು ಎಲ್ಲರೂ ಹಾಡುತ್ತಾರೆ. ಹಂದಿಗಳ ಮೇವಿನ ಬಗ್ಗೆ ಸಭೆ ಇದ್ದರೂ ಹಾಡು. ಹಾಲಿನ ಕ್ಯಾನುಗಳು ದಾರಿಯ ಬದಿಯಲ್ಲಿ ಕಾವಲಿಲ್ಲದೆ ನಿಂತಿರುತ್ತವೆ. ಮುದುಕಿಯರು ಸೈಕಲ್ ಹೊಡೆಯುತ್ತಾರೆ. ಕಾರೆನ್‌ಬಾಯಿ ನನಗೂ ಕಲಿಸಲು ಹಟ ತೊಟ್ಟಳು. ನಾನು ನೆಟ್ಟಗೆ ಬಾತುಕೋಳಿಗಳಿದ್ದ ಹಳ್ಳಕ್ಕೆ ಹೋದೆ. ಬಾತುಕೋಳಿಗಳು ಶಾಂತವಾಗಿ ಜಾಗ ಬಿಟ್ಟುಕೊಟ್ಟವು. ಅವಕ್ಕೆ ಹೊಸ ಮಾಸ್ತರರು ಅಭ್ಯಾಸವಾಗಿರಬೇಕು.

ಪಾವಿನಂಗಡಿ

ಒಂದು ರವಿವಾರ ಇಬ್ರಾಹಿಂಸಾಹೇಬರು ನನ್ನನ್ನು ನೋಡಲು ಬಂದರು. ಕಾರೆನ್‌ಬಾಯಿ ನಮ್ಮಿಬ್ಬರನ್ನೂ ಪಾವು ತರಲು ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಇಪ್ಪತ್ತೈದರ ಸುಮಾರಿನ ಹುಡುಗಿ, ಹೆಸರು ಇಂಗರ್. ಅಂಗಡಿಯವನ ಮಗಳು. ಬಿಳಿಯ ಏಪ್ರನ್ನು, ಬೆಳ್ಳಗಿನ ತೆಳ್ಳಗಿನ ಮುಖ. ಒಲೆಯಿಂದ ಆಗಷ್ಟೇ ತೆಗೆದ ಪಾವನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ನಮ್ಮ ದೇಶದಲ್ಲಿ ಪಾವು ಮಾಡುತ್ತಾರೆಯೇ ಎಂದು ಕಾರೆನ್‌ಬಾಯಿಯ ಮೂಲಕ ಕೇಳಿದಳು. ಇಬ್ರಾಹಿಂಸಾಹೇಬರು ಕೈಸನ್ನೆಯಲ್ಲೇ ಜೋಳದ ರೊಟ್ಟಿ ಬಡಿದು ತೋರಿಸಿದರು. ಅವಳು ನಕ್ಕು ಒಂದು ಪಾವನ್ನು ಹೆಚ್ಚಾಗಿ ಕೊಟ್ಟಳು.

ದಾರಿಯಲ್ಲಿ ಅದನ್ನೇ ಮುರಿದುಕೊಂಡು ತಿನ್ನುತ್ತ ಬಂದೆವು. ಆಗ ಕಾರೆನ್‌ಬಾಯಿ ಹೇಳಿದಳು. “ಛಲೋ ಹುಡುಗಿ. ಎರಡು ವರ್ಷ ಕ್ಷಯದ ದವಾಖಾನ್ಯಾಗ ಇದ್ಲು.”

ಇಂಗ್ಲಿಷ್ ಬಾರದ ಇಬ್ರಾಹಿಂಸಾಹೇಬರಿಗೂ ‘ಟೀಬಿ’ ಎಂಬ ಒಂದು ಮಾತು ತಿಳಿದು ನಿಂತುಬಿಟ್ಟರು. ನನ್ನ ಬಾಯಲ್ಲಿದ್ದ ತುತ್ತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮನೆಯಲ್ಲಿ ಶಾಂತಾ ಮಲಗಿದ್ದಾಳೆ, ನಾನು ಇಲ್ಲಿ ತುತ್ತು ಬಾಯಲ್ಲಿಟ್ಟುಕೊಂಡು ನಿಂತಿದ್ದೇನೆ ಎಂಬುದು ನೆನಪಾಗಿ ನುಂಗಿದೆ.

ಕಾರೆನ್‌ಬಾಯಿ ನಮ್ಮ ಮುಖ ನೋಡಿ ಸಿಟ್ಟಾಗಲಿಲ್ಲ. “ಈ ಮಾರಿ ನನಗ ಗುರುತದ. ಆಕಿ ದವಾಖಾನಿಯಿಂದ ಬಂದಾಗ ಊರ ತುಂಬ ಇದ ಮಾರಿ ಇತ್ತು. ಡಾಕ್ಟರು ಆರಾಮಾಗ್ಯಾಳ, ಯಾರಿಗೂ ಹತ್ತೂದಿಲ್ಲ ಅಂತ ಹೇಳಿದ್ರು. ಎಲ್ಲಾರೂ ಹೌದು ಹೌದು ಅಂದ್ರು. ಅಂದು, ಬಾಜೂ ಊರಿಗೆ ಹೋಗಿ ಪಾವು ತಂದ್ರು. ಆಕಿ ಮುಂಜಾನಿಂದ ಸಂಜೀತನಕ ತುಂಬಿದ ಕಪಾಟಿನ ಮುಂದ ನಿಂತಿರ್ತಿದ್ಲು.”

“ಆಮೇಲೆ?” ಎಂದೆ.

“ನಾನೂ ಬಾಜೂ ಊರಿಗೇ ಹೋಗ್ತಿದ್ದೆ. ಸೈಕಲ್ ಮ್ಯಾಲೆ ಗಾಳಿಗೆ ಎದುರಾಗಿ ತುಳಿದು ತುಳಿದು ಬ್ಯಾಸರಾತು. ಒಂದಿನ ಸೀದಾ ಆಕಿ ಅಂಗಡಿಗೆ ಹೋದೆ. ಪಾವು ಕೊಂಡೆ. ಅಲ್ಲೇ ಕಿಟಕಿ ಮುಂದ ನಿಂತು, ಓಣ್ಯಾಗಿನವರಿಗೆ ಕಾಣೂ ಹಂಗ ತಿಂದೆ.”

“ಹೆದರಿಕೆ ಆಗಲಿಲ್ಲವೇ?”

“ಆಗಲಿಲ್ಲೇನು? ಮನೀಗೆ ಬಂದು ಮೂರು ಸಲ ಕೈ ತೊಳಕೊಂಡೆ. ಮರುದಿನ ಮತ್ತ ಹೋದೆ. ಎಂಟು ದಿನಕ್ಕ ಚಮ್ಮಾರನ ಹೆಂಡತಿ ಬಂದ್ಲು. ಆಮ್ಯಾಲೆ ಚರ್ಚಿನ ಗಂಟಿ ಬಾರಸಾಂವ. ಈಗ ನೋಡ್ರಿ, ಸಾಲು ಹಚ್ಚಿ ನಿಂದರಬೇಕು.”

ಇಬ್ರಾಹಿಂಸಾಹೇಬರಿಗೆ ನಾನು ಕನ್ನಡದಲ್ಲಿ ತಿಳಿಸಿ ಹೇಳಿದೆ. ಅವರು ಕೈಯಲ್ಲಿ ಉಳಿದಿದ್ದ ಪಾವನ್ನು ಪೂರಾ ತಿಂದು ಮೀಸೆ ಒರೆಸಿಕೊಂಡರು. “ಮಾಸ್ತರ, ಪಾವು ಮಾತ್ರ ಭಾಳ ಛಲೋ ಐತ್ರಿ.”

ಅಂದು ಸಂಜೆ ನಾನು ಶಾಂತಾಳ ಸಂಗತಿಯನ್ನೆಲ್ಲ ಕಾರೆನ್‌ಬಾಯಿ, ಇಬ್ರಾಹಿಂಸಾಹೇಬರಿಬ್ಬರ ಮುಂದೆ ಹೇಳಿದೆ. ಅಲ್ಲಿಯವರೆಗೂ ಯಾರಿಗೂ ಹೇಳಿರಲಿಲ್ಲ.

ರೋಗಿಯ ಹೊಲ

ಹಳ್ಳಿಯ ಆಚೆ ತುದಿಯಲ್ಲಿ ಒಬ್ಬ ರೈತನಿದ್ದ. ಅವನೂ ಅದೇ ರೋಗಕ್ಕೆ ದವಾಖಾನೆ ಸೇರಿದ್ದ. ಹೆಂಡತಿ, ಸಣ್ಣ ಮಕ್ಕಳು, ಹೊಲದಲ್ಲಿ ಬಟಾಟೆ ಕೀಳುವ ಹೊತ್ತು. ಒಂದು ಮುಂಜಾನೆ ನೀಲ್ಸರು ಸಲಿಕೆ ಹೊತ್ತು ಹೊರಟರು. ನಾನೂ ಹೋದೆ. ಇಬ್ರಾಹಿಂಸಾಹೇಬರೂ ಸುಟಿಗೆ ಬಂದಿದ್ದರು. ಹೊಲದಲ್ಲಿ ಅರ್ಧ ಊರು ನೆರೆದಿತ್ತು. ಮೊದಲು ಹಾಡು, ಆಮೇಲೆ ಬಟಾಟೆ.

ಬೆನ್ನು ನೆಟ್ಟಗೆ ಮಾಡಲಾಗದೆ ನಾನು ಬದುವಿನ ಮೇಲೆ ಕೂತೆ. ಇದನ್ನು ಯಾರು ಏರ್ಪಾಡು ಮಾಡಿದವರು, ಸರ್ಕಾರದ ಹುಕುಮೇ, ಯಾವುದಾದರೂ ಸಂಘವೇ ಎಂದು ನೀಲ್ಸರನ್ನು ಕೇಳಿದೆ. ವಾಚನಾಲಯದ ಗೆಳೆಯರಿಗೆ ಹೇಳಲು ಒಂದು ಗಟ್ಟಿ ಉತ್ತರ ಬೇಕಿತ್ತು.

ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಎರಡು ಸಲ ಕೇಳಿದ ಮೇಲೆ ಹೇಳಿದರು. “ಸರ್ಕಾರ ದವಾಖಾನಿ ಕಟ್ಟಬಹುದು. ಡಾಕ್ಟರನ್ನ ಇಡಬಹುದು. ಆತನ ಆಕಳಾ ಹಿಂಡ್ಲಿಕ್ಕೆ ಸರ್ಕಾರ ಬರ್ತದೇನ್ರಿ? ಅದಕ್ಕ ಬಾಜೂ ಮನಿಯವನ ಬೇಕಲ್ಲ.”

ಆ ಹೊತ್ತಿಗೆ ಕೊಟ್ಟಿಗೆಯ ಕಡೆಯಿಂದ ಧಡಧಡ ಸದ್ದು ಕೇಳಿತು. ವರ್ಷವಿಡೀ ಕೆಟ್ಟು ನಿಂತಿದ್ದ ರೈತನ ಎಂಜಿನ್ನನ್ನು ಇಬ್ರಾಹಿಂಸಾಹೇಬರು ಓಡಿಸಿದ್ದರು. ಮೋರೆಯೆಲ್ಲ ಎಣ್ಣೆ. ರೈತನ ಹೆಂಡತಿ ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಳು. ಅವರು ಹುಬ್ಬಳ್ಳಿಯ ಕನ್ನಡದಲ್ಲೇ, “ಇರ್ಲಿ ಬಿಡ ಯಕ್ಕಾ, ಒಂದು ವಾಶರ್ ಹೋಗಿತ್ತು ಅಷ್ಟ” ಎನ್ನುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಸಮುದ್ರದಂಡೆ

ಕಾರೆನ್‌ಬಾಯಿ ನನ್ನನ್ನು ಒಂದು ದಿನ ಸಮುದ್ರದಂಡೆಯ ಮಕ್ಕಳ ದವಾಖಾನೆಗೆ ಕರೆದೊಯ್ದಳು. ಕ್ಷಯ ಹತ್ತಿದ ಮಕ್ಕಳು ಉದ್ದನೆಯ ಪಡಸಾಲೆಯಲ್ಲಿ, ಗೋಡೆಯಿಲ್ಲದ ಕಡೆಗೆ ಮುಖಮಾಡಿ, ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ಮಲಗಿದ್ದವು. ಮುಂದೆ ಬೂದುಬಣ್ಣದ ಸಮುದ್ರ. ಗಾಳಿ ನನ್ನ ಕೋಟನ್ನು ತೂರಿ ಎಲುಬಿಗೆ ತಾಗುತ್ತಿತ್ತು. ಮಕ್ಕಳ ಕೆನ್ನೆಗಳು ಮಾತ್ರ ಕೆಂಪಗಿದ್ದವು.

ಅಲ್ಲಿ ಕೇಳಿದ ಸಂಗತಿಯೊಂದನ್ನು ಬರೆಯಲೇಬೇಕು. ಆ ದೇಶದಲ್ಲಿ ಬಹಳ ಹಿಂದೆ ಒಬ್ಬ ಟಪಾಲು ಗುಮಾಸ್ತ ಕ್ರಿಸ್‌ಮಸ್ ಹಬ್ಬದ ಕಾಗದಗಳ ರಾಶಿಯ ಮುಂದೆ ಕೂತಿದ್ದಾಗ, ಈ ಪ್ರತಿಯೊಂದು ಕಾಗದಕ್ಕೂ ಜನ ಒಂದು ಚಿಕ್ಕ ಹೆಚ್ಚಿನ ಚೀಟಿ ಕೊಂಡು ಹಚ್ಚಿದರೆ ರೋಗಿ ಮಕ್ಕಳಿಗೆ ಮನೆ ಕಟ್ಟಬಹುದಲ್ಲ ಎಂದು ಯೋಚಿಸಿದನಂತೆ. ಜನ ಹಚ್ಚಿದರು. ಮನೆಗಳು ಎದ್ದವು. ಈಗ ಎಷ್ಟೋ ದೇಶಗಳಲ್ಲಿ ಆ ಚೀಟಿ ಇದೆ. ಆ ಗುಮಾಸ್ತ ಮಂತ್ರಿಯಲ್ಲ, ಡಾಕ್ಟರನಲ್ಲ.

ಮಕ್ಕಳು ನನ್ನನ್ನು ಹಾಡೆಂದರು. ಧಾರವಾಡದವನಾದರೂ ನನ್ನ ಕೊರಳಿಗೆ ಆ ಊರಿನ ಗಾಳಿ ಸೋಕಿಲ್ಲ. ತಪ್ಪಿಸಿಕೊಳ್ಳುವ ದಾರಿ ಕಾಣದೆ ಎರಡರ ಮಗ್ಗಿಯನ್ನು ನಮ್ಮ ಸಾಲಿಯ ರಾಗದಲ್ಲಿ ಎತ್ತಿದೆ. “ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು...” ಮಕ್ಕಳಿಗೆ ಬಹಳ ಸೇರಿತು. ಮತ್ತೊಂದು, ಮತ್ತೊಂದು ಎಂದು ಕೂಗಿದರು. ಹತ್ತರವರೆಗೆ ಹಾಡಿದೆ. ಇಂಡಿಯಾದ ಸಂಗೀತ ಇಷ್ಟು ಗಂಭೀರವಾದದ್ದೆಂದು ತನಗೆ ತಿಳಿದಿರಲಿಲ್ಲವೆಂದು ನರ್ಸು ಹೇಳಿದಳು. ನಾನು ತಿದ್ದಲಿಲ್ಲ.

ಹೊರಡುವ ಮೊದಲು ಅಲ್ಲಿಯ ಡಾಕ್ಟರರಿಗೆ ಶಾಂತಾಳ ಸಂಗತಿ ಹೇಳಿ ಏನು ಮಾಡಬಹುದೆಂದು ಕೇಳಿದೆ. ಅವರು ಮೊದಲು ಹೇಳಿದ್ದು ಒಂದೇ: “ಕಿಟಕಿ ತೆಗೀರಿ.” ಆಮೇಲೆ ಉಳಿದದ್ದನ್ನು ತಿಳಿಸಿದರು. ವಿಶ್ರಾಂತಿ, ಹಾಲು, ಬಿಸಿಲು. ಕಫಕ್ಕೆ ಮುಚ್ಚಳದ ಡಬ್ಬಿ, ಪಾತ್ರೆಗೆ ಕುದಿಯುವ ನೀರು, ಬಂದುಹೋದವರು ಕೈ ತೊಳೆದುಕೊಳ್ಳುವುದು. “ಮತ್ತ ಮಾತಾಡ್ಲಿಕ್ಕೆ ಮಂದಿ ಬೇಕು. ಗೋಡಿ ನೋಡಿಕೋತ ಮಲಗಿದವರು ಆರಾಮಾಗೂದು ಕಠಿಣ” ಎಂದರು.

ಆ ವಾರದ ಟಪಾಲಿನಲ್ಲೇ ಎಲ್ಲ ಬರೆದು ಹಾಕಿದೆ. ಬಹಳ ದಿನಗಳ ಮೇಲೆ ಶಾಂತಾಳ ಉತ್ತರ ಬಂತು. ಕಿಟಕಿ ತೆಗೆದಿದ್ದಾರೆ, ಹೊರಗಿನ ಬೇವಿನ ಗಿಡದ ಪೊಟರೆಯಲ್ಲಿ ಗಿಳಿ ಗೂಡು ಮಾಡಿದೆ, ಅದು ಅವ್ವನಿಗಿಂತ ಹೆಚ್ಚು ಮಾತಾಡುತ್ತದೆ.

ಮರಳಿ ಧಾರವಾಡ

ಊರಿಗೆ ಬಂದ ಮೊದಲ ವಾರವೇ ಇಬ್ರಾಹಿಂಸಾಹೇಬರು ಹುಬ್ಬಳ್ಳಿಯಿಂದ ತಗಡು, ಬಿದಿರು, ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಬಂದು ನಮ್ಮ ಹಿತ್ತಲಿನಲ್ಲಿ ಮೂರು ಕಡೆ ಗೋಡೆಯಿಲ್ಲದ ಒಂದು ಪಡಸಾಲೆ ನಿಲ್ಲಿಸಿದರು. ನಾನು ಬೇಡವೆಂದದ್ದಕ್ಕೆ, “ಸುಮ್ನಿರ್ರಿ ಮಾಸ್ತರ, ನನ್ನ ಪಾಟಲೂನು ಇನ್ನೂ ನಿಮ್ಮ ಕಡೇನ ಐತಿ” ಎಂದು ಬಾಯಿ ಮುಚ್ಚಿಸಿದರು. ಶಾಂತಾಳ ಹಾಸಿಗೆ ಅಲ್ಲಿಗೆ ಬಂತು. ನಮ್ಮ ಡಾಕ್ಟರರೂ ನೋಡಿ ಒಪ್ಪಿದರು.

ಮಂದಿಯನ್ನು ಕರೆತರುವುದು ನನ್ನ ಪಾಲಿನ ಕೆಲಸ. ನಾನು ವಾಚನಾಲಯದಲ್ಲಿ ಒಂದು ವ್ಯಾಖ್ಯಾನ ಕೊಟ್ಟೆ. ಪಾವಿನಂಗಡಿ, ರೋಗಿಯ ಹೊಲ, ಟಪಾಲು ಗುಮಾಸ್ತ, ಎಲ್ಲ ಹೇಳಿದೆ. ಸಭೆ ತುಂಬಿತ್ತು, ಚಪ್ಪಾಳೆಯೂ ಬಿತ್ತು. ಅಧ್ಯಕ್ಷರು ಇಂಥ ನಾಗರಿಕರು ನಮ್ಮಲ್ಲೂ ಹುಟ್ಟಬೇಕೆಂದರು. ಪ್ರಶ್ನೆ ಕೇಳಿರೆಂದಾಗ ಒಬ್ಬರು ಆಕಳ ಬಗ್ಗೆ ಕೇಳಿದರು, ಇನ್ನೊಬ್ಬರು ಮಡ್ಡಮ್ಮಗಳ ಲಂಗದ ಉದ್ದದ ಬಗ್ಗೆ. ಮರುದಿನ ನಮ್ಮ ಮನೆಗೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾರೆನ್‌ಬಾಯಿ ವ್ಯಾಖ್ಯಾನ ಕೊಟ್ಟಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು.

ಮೊದಲು ಬಂದವಳು ಹಸೀನಾಬಿ. ಹುಬ್ಬಳ್ಳಿಯಿಂದ ಗಾಡಿಯಲ್ಲಿ, ಸ್ಟೇಶನ್ನಿನಿಂದ ಟಾಂಗಾದಲ್ಲಿ, ಬುರಕಿ ಹಾಕಿಕೊಂಡು, ಕೈಯಲ್ಲೊಂದು ಹೊಲಿಗೆಯ ಗಂಟು. ಇಬ್ರಾಹಿಂಸಾಹೇಬರು ಆಕೆಗೆ ಎಲ್ಲ ಹೇಳಿದ್ದರಂತೆ. ಆಕೆ ಅವ್ವನಿಗೆ ಸಲಾಂ ಹೇಳಿ, ನೆಟ್ಟಗೆ ಹಿತ್ತಲಿಗೆ ಹೋಗಿ, ಶಾಂತಾಳ ಮಂಚದ ಬದಿಗೆ ಚಾಪೆ ಹಾಸಿಕೊಂಡು ಹೊಲಿಯುತ್ತ ಕೂತಳು. ಅವ್ವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಳಗೆ ಹೋಗಿ ಅವಲಕ್ಕಿ ಕಲಸಿ, ಬಾಳೆ ಎಲೆಯಲ್ಲಿ ಹಾಕಿ ತಂದಿಟ್ಟಳು. ಹಸೀನಾಬಿ ತಿಂದು, ಇನ್ನಷ್ಟು ಕೇಳಿ ಹಾಕಿಸಿಕೊಂಡಳು. ಅವ್ವನ ಮುಖ ಅರಳಿತು. ಹೊರಡುವ ಮೊದಲು ಆಕೆ ಶಾಂತಾಳ ತಲೆಗೆ ಎಣ್ಣೆ ಹಚ್ಚಿ ಹೆಳಲು ಹಾಕಿದಳು. ಅವ್ವನನ್ನು ಬಿಟ್ಟರೆ ಬೇರೊಬ್ಬರು ಶಾಂತಾಳನ್ನು ಮುಟ್ಟಿ ವರ್ಷ ದಾಟಿತ್ತು.

ಓಣಿಯಲ್ಲಿ ಕೋಲಾಹಲವಾಯಿತು. ಮೊದಲು ನಮ್ಮ ಮನೆಗೆ ಬಾರದಿರಲು ಅವರಿಗೆ ಒಂದೇ ಕಾರಣವಿತ್ತು. ಈಗ ಎರಡಾದವು.

ಎದುರು ಮನೆಯ ಅಂಬ್ವಕ್ಕನಿಗೆ ಇದು ನಿದ್ದೆಗೆಡಿಸಿತು. ಅಂಬ್ವಕ್ಕ ಓಣಿಗೇ ಹಿರಿಯಳು, ಕಡು ಮಡಿಯ ಮುದುಕಿ. ಅವಳ ಒದ್ದೆ ಸೀರೆ ಕಂಡರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಹಸೀನಾಬಿ ಮೂರನೆಯ ಸಲ ಬಂದುಹೋದ ಮಧ್ಯಾಹ್ನ ಅಂಬ್ವಕ್ಕ ನಮ್ಮ ಅಂಗಳಕ್ಕೆ ಬಂದು ನಿಂತಳು. ಜಗಳಕ್ಕೇ ಬಂದಳೆಂದು ನಾನು ಎದ್ದುನಿಂತೆ. ಅವಳು ನನ್ನನ್ನು ಸರಿಸಿ ಹಿತ್ತಲಿಗೆ ನಡೆದಳು.

“ಏನವಾ ಶಾಂತಾ, ಹೆಂಗಿದ್ದೀ?”

ಶಾಂತಾ ಗಾಬರಿಯಾದಳು. “ಅಜ್ಜೀ, ಹತ್ತರ ಬರಬ್ಯಾಡ್ರಿ, ನಿಮ್ಮ ಮಡಿ...”

“ನನ್ನ ಮಡಿ ಸುದ್ದಿ ನನಗ ಬಿಡು. ನಾ ಹೆಂಗೂ ದಿನಾ ಮೂರು ಸಲ ಸ್ನಾನ ಮಾಡಾಕಿ. ನಾಕನೇದೂ ಮಾಡ್ತೇನಿ.” ಅವಳು ಶಾಂತಾಳ ಬೆನ್ನ ಹಿಂದೆ ಬಗ್ಗಿ ನೋಡಿದಳು. “ಯಾರು ಹಾಕ್ಯಾರ ಈ ಹೆಳಲಾ? ಆ ಸಾಬರಾಕೀನ? ಸೊಟ್ಟ ಆಗೇದ. ತಿರುಗು ಇಲ್ಲೆ.”

ಬಾಚಣಿಗೆ ಕೊಡೆಂದು ಅವ್ವನ ಕಡೆ ಕೈ ಚಾಚಿದಳು. ಹೆಳಲು ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹಾಕತೊಡಗಿದಳು. ಶಾಂತಾ ತಲೆ ತಗ್ಗಿಸಿ ಕೂತಿದ್ದಳು. ಅವಳ ಭುಜಗಳು ಅಲುಗುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

“ಅಳಬ್ಯಾಡ. ಹೆಳಲು ಅಳ್ಳಾಡ್ತದ,” ಎಂದಳು ಅಂಬ್ವಕ್ಕ.

ಡಾಕ್ಟರರ ನಿಯಮಗಳನ್ನು ಅಂಬ್ವಕ್ಕನಿಗೆ ಹೆದರುತ್ತ ಹೆದರುತ್ತ ಹೇಳಿದೆ. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಪಾತ್ರೆ ಬೇರೆ ಇಡಬೇಕು, ಕುದಿಸಬೇಕು, ಕೆಮ್ಮಿದ ಅರಿವೆ ಬೇರೆ ಒಗೆಯಬೇಕು. ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. “ಇದನ್ನ ಕಲೀಲಿಕ್ಕೆ ನೀ ಸಮುದ್ರ ದಾಟಿ ಹೋಗಿದ್ದ್ಯಾ? ನಾ ಹುಟ್ಟಿದಾಗಿಂದ ಇದನ್ನ ಮಾಡ್ಲಿಕ್ಕೆ ಹತ್ತೇನಿ.”

ಹಾಗೆ ಅಂಬ್ವಕ್ಕ ನಮ್ಮ ಹಿತ್ತಲಿನ ಯಜಮಾನಿಯಾದಳು. ಅವಳು ಬಂದಮೇಲೆ ಉಳಿದವರು ಬಾರದೆ ಇರಲು ಹೇಗೆ ಸಾಧ್ಯ? ಒಬ್ಬಳು ಹಾಲು ತಂದಳು, ಒಬ್ಬಳು ಪುರಾಣ ಓದಿದಳು, ಒಬ್ಬಳು ಬರೀ ಸೊಸೆಯ ಮೇಲೆ ದೂರು ಹೇಳಿ ಹೋದಳು. ಶಾಂತಾಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ದೂರುಗಳೇ. ಬಾವಿಯ ರಾಟೆ ಮತ್ತೆ ಕಿರುಗುಟ್ಟಿತು. ಹಸೀನಾಬಿಯೂ ಅಂಬ್ವಕ್ಕನೂ ಚಾಪೆಗಳ ನಡುವೆ ಒಂದು ಮೊಳ ಜಾಗ ಬಿಟ್ಟುಕೊಂಡು ಕೂತು, ಹೊಲಿಗೆಯ ಟಾಕಿನ ಬಗ್ಗೆ ಜಗಳವಾಡುವುದನ್ನು ನಾನೇ ಕಂಡಿದ್ದೇನೆ. ಆ ಒಂದು ಮೊಳ ಜಾಗ ಕೊನೆಗೂ ಹಾಗೆಯೇ ಉಳಿಯಿತು. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಶಾಂತಾ ಏಳಲು ಬಹಳ ಕಾಲ ಹಿಡಿಯಿತು. ನಡುವೆ ಒಂದು ಮಳೆಗಾಲದಲ್ಲಿ ಮತ್ತೆ ಜ್ವರ ಬಂದು ನಾವೆಲ್ಲ ಕೈ ಚೆಲ್ಲಿದ್ದೆವು. ಆ ದಿನಗಳಲ್ಲೂ ಮಂದಿ ಬರುವುದು ನಿಲ್ಲಲಿಲ್ಲ. ಕೊನೆಗೆ ಜ್ವರ ಇಳಿಯಿತು, ತೂಕ ಏರಿತು, ಡಾಕ್ಟರರು ಎದೆ ನೋಡಿ ನಕ್ಕರು. ಗಂಡನ ಮನೆಯಿಂದ ಹೇಳಿಕಳಿಸಿದರು. ಅವಳು ಹೋಗುವುದಿಲ್ಲವೆಂದಳು. ಅವ್ವ ಒತ್ತಾಯ ಮಾಡಲಿಲ್ಲ.

ಹಳೇ ಹುಬ್ಬಳ್ಳಿ

ಹೋದ ತಿಂಗಳು ಹಸೀನಾಬಿ ಒಂದು ಸುದ್ದಿ ತಂದಳು. ಹಳೇ ಹುಬ್ಬಳ್ಳಿಯಲ್ಲಿ, ಅವರ ಮನೆಯಿಂದ ಎರಡು ಓಣಿ ಆಚೆ, ಗಿರಣಿ ಕೆಲಸದವನೊಬ್ಬನ ಹೆಂಡತಿ ಮಲಗಿದ್ದಾಳೆ. ಅದೇ ಕೆಮ್ಮು. ಹಸೀನಾಬಿಗೂ ಬಾಗಿಲು ತೆರೆಯುತ್ತಿಲ್ಲ.

ನಾನು ಡಾಕ್ಟರರನ್ನು ಕರೆಯುವ ಮಾತಾಡುತ್ತಿದ್ದೆ. ಶಾಂತಾ ಸೀರೆ ಬದಲಾಯಿಸಿಕೊಂಡು ಬಂದು, “ಡಾಕ್ಟರು ನಾಳೆ ಬರ್ಲಿ. ಇವತ್ತ ನಾ ಹೋಗ್ತೇನಿ. ಟಾಂಗಾ ಕರೀ ಅಣ್ಣಾ” ಎಂದಳು.

ಹುಬ್ಬಳ್ಳಿಯಲ್ಲಿ ರೈಲಿಳಿದು, ಬೇರೆ ಟಾಂಗಾ ಮಾಡಿಕೊಂಡು ಹಸೀನಾಬಿ ಹೇಳಿದ ಓಣಿಗೆ ಹೋದೆವು. ತಗ್ಗು ಬಾಗಿಲ ಮನೆ. ಅಕ್ಕಪಕ್ಕದ ಹೆಂಗಸರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ನಾನು ಟಾಂಗಾದ ಹತ್ತಿರವೇ ಉಳಿದೆ. ಶಾಂತಾ ಬಾಗಿಲು ತಟ್ಟಿದಳು. ಉತ್ತರ ಬರಲಿಲ್ಲ. ಮೆಲ್ಲನೆ ದೂಡಿದಳು. ಒಳಗೆ ಕತ್ತಲೆ.

“ಯಾರ್ರೀ? ಒಳಗ ಬರಬ್ಯಾಡ್ರಿ,” ಎಂದಿತು ಒಳಗಿನ ದನಿ. “ನನಗ ಜಡ್ಡ ಐತ್ರಿ. ಹತ್ತೂ ಜಡ್ಡ.”

“ಗೊತ್ತದವಾ,” ಎಂದಳು ಶಾಂತಾ. “ನನಗೂ ಇತ್ತು.”

ಒಳಗೆ ಹಾಸಿಗೆ ಸರಿಸಿದ ಸದ್ದು.

“ಖರೇನ?”

“ಖರೇನ. ಸ್ವಲ್ಪ ಸರಿ, ಕೂಡ್ತೇನಿ.”

ಶಾಂತಾ ತಲೆ ಬಗ್ಗಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಿಗಿದಿದ್ದ ಕಿಟಕಿಯ ಕದ ಒಳಗಿನಿಂದ ಕರಕರ ಎಂದು ತೆರೆದುಕೊಂಡಿತು. ಮೊದಲು ಕೆಮ್ಮು ಕೇಳಿತು, ಆಮೇಲೆ ಇಬ್ಬರು ಹೆಂಗಸರ ಮಾತು. ಕಟ್ಟೆಯ ಮೇಲೆ ನಿಂತವರಲ್ಲಿ ಒಬ್ಬಳು ಒಂದು ಮೆಟ್ಟಿಲು ಕೆಳಗಿಳಿದಳು.

“ಮಾಲಕರ, ಲಗೂ ಹೊಂಡೂದೇನ್ರಿ?” ಎಂದು ಟಾಂಗಾದವನು ಕೇಳಿದ.

ತಡವಾಗುತ್ತದೆ, ಕುದುರೆ ಬಿಚ್ಚಿ ಮೇವು ಹಾಕು ಎಂದೆ.